ಮೂಗುದನಿಯ ಉತ್ತರ

ಕಂಪ್ಯೂಟರಿನ ಜಾವಾ ಕೋಡಿಗೆ ಹಾಕುವ, ಹೀಗೆ ನಡೆದುಕೋ ಎಂದು ಹೇಳುವ 'ಅನೊಟೇಶನ್' ಚೀಟಿಗಳನ್ನು ಜನ ಕೊರಳಿಗೂ ಅಂಟಿಸಿಕೊಳ್ಳುವ ಕಾಲ. ಕಾಲ್ ಸೆಂಟರಿನ ಮೇದಿನಿಯದು '@ಕ್ಯಾಶಬಲ್': ಒಮ್ಮೆ ಕೊಟ್ಟ ಉತ್ತರವೇ ಅದೇ ಪ್ರಶ್ನೆಗೆ ಮತ್ತೆ ತಾನಾಗಿ ಬಾಯಿಂದ ಉದುರುತ್ತದೆ. ಸ್ಟೇಷನ್ನಿಗೆ ಓಡುತ್ತ ಅದನ್ನು ಕಿತ್ತೆಸೆದಿದ್ದಳು. ಒಂದು ನಿದ್ದೆ ಮಾಡಿ ಏಳದೆ ಅದರ ಗುಣ ಇಳಿಯದೆಂಬುದೇ ಮರೆತಿತ್ತು.

"ಕೊನೇ ಸಲ ಕೇಳ್ತೀನಿ ಕಣೇ," ಎಂದ ರೈಲಿನ ಕಿಟಕಿಯಿಂದ, ಊರು ಬಿಟ್ಟು ಹೊರಟಿದ್ದ ಗೆಳೆಯ ಭರತೇಶ. "ನನ್ನ ಮದುವೆ ಆಗ್ತೀಯಾ?"

ಹೂಂ ಎನ್ನಲೆಂದೇ ಬಂದಿದ್ದಳು. ಬಾಯಿಂದ ಹೊರಟದ್ದು, ಹಿಂದೆ ಕ್ಯಾಂಟೀನಿನಲ್ಲಿ ಅವನು ಇದನ್ನೇ ಕೇಳಿದಾಗ ಅವಳು ಮ್ಯಾನೇಜರನ್ನು ಅಣಕಿಸಿ ಕೊಟ್ಟಿದ್ದ ಮೂಗುದನಿಯ ಉತ್ತರ: "ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಕಣ್ರೀ!" ಆಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

"ಅಯ್ಯೋ, ಅದು ನಾನಲ್ಲ ಕಣೋ!"

ರೈಲು ಅಲುಗಿತು. "ಹಾಗಾದ್ರೆ ನನ್ನ ಮದುವೆ ಆಗ್ತೀಯಾ?"

ಅದೇ ಉತ್ತರ ಮತ್ತೆ ಉದುರದಂತೆ ಮೇದಿನಿ ಎರಡೂ ಕೈಯಿಂದ ಬಾಯಿ ಒತ್ತಿ ಮುಚ್ಚಿಕೊಂಡಳು. ಕುಲುಕುವ ಭುಜ ಕಂಡು, ನಗುತ್ತಿದ್ದಾಳೆಂದೇ ತಿಳಿದು ಅವನು ಕಿಟಕಿ ಇಳಿಸಿದ.