ನಿಂಬೆವ್ವ ಎಂಬ ಫೋಲ್ಡರ್

ನಿಂಬೆವ್ವ ಎಂಬ ಫೋಲ್ಡರನ್ನು ಅಳಿಸಿದ್ದು ತಾನೇ ಎಂದು ಪಂಚಶೀಲಾಳಿಗೆ ನೆನಪಾದದ್ದು, ಆ ನಿಂಬೆವ್ವ ಆಳಂದದ ಫೋಟೊ ಸ್ಟುಡಿಯೊ ಬಾಗಿಲಲ್ಲಿ ಬಂದು ನಿಂತ ಮೇಲೆ.

"ನಂದು ಅರಿಷಿಣ ಹಚ್ಚಿದ ದಿನದ ವಿಡಿಯೊ ಬೇಕಾಗಿತ್ರಿ. ನಿಂಬರ್ಗಾದಾಗ ತಗದಿದ್ರಿ."

"ಗಂಡಿನ ಹೆಸರೇನ್ರಿ?"

ಹುಡುಗಿ ಹೆಸರು ಹೇಳಲಿಲ್ಲ. ರಸ್ತೆಯಾಚೆ ಬೈಕಿನ ಮೇಲೆ ಕೂತವನ ಕಡೆ ಗದ್ದ ಎತ್ತಿದಳು. ಪಂಚಶೀಲಾ ಗುರುತು ಹಿಡಿದಳು. ಜಗದೇವ.

ಹೋದ ವಾರ ಡಿಸ್ಕ್ ತುಂಬಿ ಬಂದಾಗ ಅವಳು ಕಸ ತೆಗೆಯಲು ಕೂತಿದ್ದಳು. 'ಶಾಂಭವಿ ಜಗದೇವ' ಎಂದು ಒಂದು ಫೋಲ್ಡರ್, 'ನಿಂಬೆವ್ವ ಜಗದೇವ' ಎಂದು ಇನ್ನೊಂದು. ಒಂದೇ ವಾರದಲ್ಲಿ ಒಬ್ಬನಿಗೆ ಇಬ್ಬರು ಹೆಂಡಿರೇ ಎಂದು ನಕ್ಕು, ಎರಡನೆಯದನ್ನು ತೆಗೆದುಹಾಕಿದ್ದಳು. ಗಂಡನ ಮನೆಯಲ್ಲಿ ಅಕ್ಕಿ ಹರವಿದ ತಾಟಿನೊಳಗೆ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವುದನ್ನು ಹತ್ತಾರು ಮದುವೆಗಳಲ್ಲಿ ಅವಳೇ ಕ್ಯಾಮೆರಾದಲ್ಲಿ ಹಿಡಿದಿದ್ದಳು. ಅಳಿಸುವ ಹೊತ್ತಿಗೆ ಮಾತ್ರ ಎರಡೂ ಒಬ್ಬಳದೇ ಹೆಸರು ಎಂದು ಹೊಳೆಯಲಿಲ್ಲ.

"ಅದರಾಗ ಏನೂ ವಿಶೇಷ ಇಲ್ರಿ," ಎಂದಳು ಹುಡುಗಿ. "ಎಲ್ಲಾರೂ ನನ್ನ ಹೆಸರು ಹಿಡಿದು ಕರೀತಾರ, ಅಷ್ಟ. ಎಂಟು ತಿಂಗಳಾತು, ಆ ಹೆಸರು ಕೇಳಿಲ್ಲ. ಈಗ ನಮ್ಮವ್ವನೂ ಫೋನಿನ್ಯಾಗ ಶಾಂಭವಿ ಅಂತಾಳ."

ಫೈಲುಗಳನ್ನು ಇಟ್ಟು ಕಾಯಲು ಝಡ್‌ಎಫ್‌ಎಸ್ ಎಂಬ ಹೊಸ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಹಾಕಿಕೊಟ್ಟು, ಮೊದಲು ಸ್ಟುಡಿಯೊದಲ್ಲಿದ್ದ ಜುಬೇರ ಕಲಬುರಗಿಯ ಕೆಲಸಕ್ಕೆ ಹೋಗಿದ್ದ. ಮೂರು ವಾರದಿಂದ ಪಂಚಶೀಲಾ ಅದನ್ನು ಕಲಿಯುತ್ತಿದ್ದಳು. ಕಲಿತದ್ದಕ್ಕಿಂತ ಹೆದರಿದ್ದೇ ಹೆಚ್ಚು. ಅದು ದಿನಾ ಸಂಜೆ ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಪಡಿಯಚ್ಚು, ತೆಗೆದಿಡುತ್ತದೆ, ರೋಲ್‌ಬ್ಯಾಕ್ ಎಂದು ಆಜ್ಞೆ ಕೊಟ್ಟರೆ ಡಿಸ್ಕು ಆ ಸಂಜೆಗೆ ಹಿಂದಿರುಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅಳಿಸಿದ್ದು ಮಂಗಳವಾರ. ಸೋಮವಾರಕ್ಕೆ ಹೋದರೆ ಆಯಿತು. ಆಜ್ಞೆ ಟೈಪು ಮಾಡಿ, ಧೈರ್ಯ ಸಾಲದೆ ಜುಬೇರನಿಗೆ ಫೋನು ಹಚ್ಚಿದಳು.

"ಎಂಟರ್ ಒತ್ತಿಯೇನು?"

"ಇನ್ನಾ ಇಲ್ಲ."

"ಕೈ ತಗಿ ಮೊದಲ! ಡಿಸ್ಕೇ ಸೋಮವಾರಕ್ಕ ಹೋದ್ರ, ಬುಧವಾರ ಮಾದನಹಿಪ್ಪರಗಾದಾಗ ತಗದ ಮದುವಿ ಎಲ್ಲಿಂದ ತರ್ತಿ? ಅವರಿಗಿ ಇನ್ನೊಮ್ಮೆ ತಾಳಿ ಕಟ್ಟಸ್ತೀಯೇನು? ಹಿಂದಕ್ಕ ಹೋಗಬ್ಯಾಡ. ಸೋಮವಾರದೊಳಗ ಹೊಕ್ಕು ನೋಡು."

"ಬಾಗಿಲಾ ಎಲ್ಲದ? ಪಟ್ಟಿಯೊಳಗ ಕಾಣವಲ್ದು."

"ಕಾಣಂಗಿಲ್ಲ. ಹೆಸರು ಹಿಡಿದು ಕರಿ, ತಗೀತದ."

ಅವನು ಹೇಳಿದ ಹೆಸರನ್ನು ಅವಳು ಒಂದೊಂದೇ ಅಕ್ಷರ ಒತ್ತಿದಳು. ಏನೂ ಇಲ್ಲದ ಕಡೆ ಬಾಗಿಲು ತೆರೆಯಿತು. ಒಳಗೆ ದಿನಗಳು ಸಾಲಾಗಿ ಕೂತಿದ್ದವು. ಶನಿವಾರ, ಭಾನುವಾರ, ಸೋಮವಾರ. ಒಂದೊಂದೂ ತಾನಿನ್ನೂ ಮುಗಿದೇ ಇಲ್ಲ ಎಂದುಕೊಂಡು. ಅಳಿಸಿದರೂ ಡಿಸ್ಕಿನಲ್ಲಿ ಜಾಗ ಯಾಕೆ ಆಗಿರಲಿಲ್ಲ ಎಂಬುದು ಈಗ ಅವಳಿಗೆ ತಿಳಿಯಿತು. ಸೋಮವಾರದೊಳಗೆ ನಿಂಬೆವ್ವ ಇದ್ದಳು.

ಪರದೆಯ ಮೇಲೆ ಅಂಗಳ, ಹಂದರ, ಅರಿಷಿಣದ ಕೈಗಳು. "ನಿಂಬೆವ್ವಾ, ಇತ್ತ ನೋಡ ಬೇ!" "ನಿಂಬೀ, ಕೈ ಚಾಚು!" ಫ್ಯಾನು ತಿರುಗುತ್ತಿತ್ತು. ಸ್ಟುಡಿಯೊದ ಬಿಳಿ ಗೋಡೆಯೂ ಸ್ವಲ್ಪ ಹಳದಿಯಾದಂತೆ ಕಂಡಿತು. ನಿಂತಿದ್ದ ಹುಡುಗಿ ಒಂದೊಂದು ಕರೆಗೂ ಮೆಲ್ಲಗೆ "ಹೂಂ" ಅನ್ನುತ್ತಿದ್ದಳು. ಕೈ ಕೂಡ ಅರ್ಧ ಚಾಚಿದ್ದಳು. ಅದು ಅವಳಿಗೆ ಗೊತ್ತಿದ್ದಂತಿರಲಿಲ್ಲ.

"ಪೆನ್‌ಡ್ರೈವ್ ಕೊಡ್ರಿ, ಹಾಕಿಕೊಡ್ತೇನಿ. ತಡೀರಿ, ಇದಕ್ಕೂ ಶಾಂಭವಿ ಅಂತ ಹೆಸರು ಮಾಡ್ತೇನಿ. ಇನ್ನೊಮ್ಮೆ ಗಡಬಡ ಆಗಬಾರ್ದು." ಪಂಚಶೀಲಾ ಟೈಪು ಮಾಡಿದಳು. ಕಂಪ್ಯೂಟರ್ ಒಲ್ಲೆ ಎಂದಿತು. ಮತ್ತೆ ಮಾಡಿದಳು. ಮತ್ತೆ ಒಲ್ಲೆ.

"ಏನಾತ್ರಿ?"

"ಈ ಸೋಮವಾರದೊಳಗ ನೋಡಾಕಷ್ಟ ಬರ್ತದಂತ್ರಿ. ಹೆಸರು ತಿದ್ದಾಕ ಯಾರಿಗೂ ಬರಂಗಿಲ್ಲಂತ. ಪೆನ್‌ಡ್ರೈವಿಗಿ ಹಾಕಿದ ಮ್ಯಾಲ ತಿದ್ದಬಹುದು, ಯಾರು ಬೇಕಾದ್ರೂ."

ಹುಡುಗಿ ಚಾಚಿದ್ದ ಪೆನ್‌ಡ್ರೈವನ್ನು ಮುಷ್ಟಿಯೊಳಗೆ ಹಿಂದಕ್ಕೆ ಎಳೆದುಕೊಂಡಳು. ಸ್ಟೂಲು ಸರಿಸಿ ಕೂತಳು.

"ಹಂಗಾದ್ರ ಇಲ್ಲೇ ಇರ್ಲಿ. ಸಂತಿಗಿ ಬಂದಾಗ ನೋಡಿ ಹೋಗ್ತೇನಿ. ಈ ಸೋಮವಾರ ಒಂದು ಅಳಸಬ್ಯಾಡ್ರಿ."

ಪಂಚಶೀಲಾ ವಿಡಿಯೊವನ್ನು ಮೊದಲಿನಿಂದ ಹಚ್ಚಿದಳು. ಹೊರಗೆ ಬೈಕಿನ ಹಾರ್ನ್ ಎರಡು ಸಲ ಕೂಗಿತು. "ಶಾಂಭವೀ! ಆತೇನು?"

ಇಬ್ಬರೂ ತಲೆಯೆತ್ತಿ ಬಾಗಿಲ ಕಡೆ ನೋಡಿದರು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ.