ಹತ್ತು ಸಲ ಕುಲುಕಿದ ಸೀಸೆ

ಕಾಲುವೆ ನೀರು ನಿಂತು ತಿಂಗಳಾಗಿದ್ದ ಬೇಸಿಗೆ, ಬೆಳಗಿನ ಒಂಬತ್ತು ಗಂಟೆ. ಹೊಸಪೇಟೆಯ ಹೊರಗಿನ ಔಷಧ ಪರೀಕ್ಷೆಯ ಲ್ಯಾಬಿನಲ್ಲಿ ಮೂಕಣ್ಣ ಫ್ರಿಜ್ಜಿನಿಂದ ಇಂಜೆಕ್ಷನ್ನಿನ ಪುಟ್ಟ ಸೀಸೆ ತೆಗೆದು, ಅಲ್ಲೇ ಹತ್ತು ಸಲ ಜೋರಾಗಿ ಕುಲುಕಿ, ಪಕ್ಕದ ಕೋಣೆಯಲ್ಲಿ ಪರೀಕ್ಷೆ ಮಾಡುವ ಶಿಲ್ಪಶ್ರೀಯ ಮೇಜಿನ ಮೇಲಿಟ್ಟ. ಕಂಪ್ಲಿಯ ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಿನಗೂಲಿಗೆ ಔಷಧ ಕುಲುಕಿದ ಕೈ ಅದು. ತಳದಲ್ಲಿ ಮಡ್ಡಿ ಬಿಟ್ಟು ಕುಡಿಸಿದರೆ ಎಮ್ಮೆಗೂ ಮೋಸ ಎಂದು ನಂಬಿದವನು. ಟ್ಯಾಂಕರ್ ನೀರು ಬಂದ ದಿನ ಮಾತ್ರ ನೀರು ಹಿಡಿಯುವ ಅವಸರಕ್ಕೆ ಎರಡೇ ಸಲ.

ಆ ಔಷಧವನ್ನು ಮಷೀನಿಗೆ ಕುಡಿಸಿದರೆ ಅದು ಗುಡ್ಡದಂಥ ಗೆರೆ ಎಳೆಯುತ್ತಿತ್ತು. ಒಂದೇ ಔಷಧಕ್ಕೆ ಸತತ ಮೂರು ದಿನ ಒಂದೇ ಗೆರೆ ಬಂದರೆ ಪರೀಕ್ಷೆ ಸರಿ. ಮೂರು ವಾರವಾದರೂ ಬಂದಿರಲಿಲ್ಲ.

"ಏನ್ರೀ ಮೇಡಂ, ನಿಮ್ಮ ಮಷೀನು ಗಿಣಿಶಾಸ್ತ್ರದವ್ನಂಗ ದಿನಕ್ಕೊಂದು ಹೇಳತೈತಲ್ರೀ?" ಎಂದ ಸಾಹೇಬ ವೆಂಕಟೇಶ್. "ಶನಿವಾರದೊಳಗ ಸರಿ ಆಗ್ಬೇಕು. ಇಲ್ಲಾಂದ್ರ ಬ್ಯಾರೆ ಕಡೆ ಕೆಲಸ ನೋಡ್ಕೋರಿ."

ಶಿಲ್ಪಶ್ರೀ ನೀರು ಬದಲಿಸಿದಳು, ಮಷೀನಿನ ಕೊಳವೆ ಬದಲಿಸಿದಳು. ಅವಳ ಕಣ್ಣು ಊದಿದ್ದು ನೋಡಲಾಗದೆ ಮೂಕಣ್ಣ, ಔಷಧ ಇನ್ನೂ ಚೆನ್ನಾಗಿ ಬೆರೆಯಲೆಂದು, ಇಪ್ಪತ್ತು ಸಲ ಕುಲುಕತೊಡಗಿದ.

ಶನಿವಾರ ಮಧ್ಯಾಹ್ನ, ಕೊನೆಯ ಗೆರೆಯೂ ಸೊಟ್ಟಗೆ ಬಂದ ಮೇಲೆ, ಇಬ್ಬರೂ ಬುತ್ತಿ ಬಿಚ್ಚಿದರು.

"ಔಷಧ ಬರೋವಾಗ ಕೆಟ್ಟಿಲ್ಲ ಕಾಕಾ. ಇಲ್ಲೇ ಎಲ್ಲೋ ಕೆಡಾಕತ್ತೈತಿ."

"ಅಂಥಾದ್ದೇನೈತವ್ವ ಅದರಾಗ?"

"ತತ್ತಿ ಒಳಗಿನ ಲೋಳಿ ಇದ್ದಂಗ, ಭಾಳ ನಾಜೂಕು. ಜೋರಾಗಿ ಕಡದ್ರ ನೊರಿ ಬಂದು ಗಂಟಾಗತೈತಿ." ಅವಳು ನಕ್ಕಳು. "ಆದ್ರ ಇಲ್ಲಿ ಕಡಿಯೋರು ಯಾರದಾರ?"

ಮೂಕಣ್ಣ ಮುರಿದ ರೊಟ್ಟಿಯನ್ನು ಬುತ್ತಿಗೇ ವಾಪಸಿಟ್ಟು ತನ್ನ ಕೈ ನೋಡಿಕೊಂಡ.

ಎರಡು ಗಂಟೆಗೆ ಸಾಹೇಬ ಇಬ್ಬರನ್ನೂ ಕರೆಸಿದ.

"ಮೂಕಣ್ಣ, ಸೀಸೆ ತರೋನು ನೀನು. ಏನಾರ ಹೆಚ್ಚುಕಮ್ಮಿ ಮಾಡಿಯೇನು?"

"ಕಾಕಾ ಭಾಳ ಜ್ವಾಕಿ ಸರ್," ಶಿಲ್ಪಶ್ರೀಯೇ ಅಂದಳು. "ಕೂಸು ಎತ್ಕೊಂಡಂಗ ತರ್ತಾರ."

ಮೂಕಣ್ಣ ಬಾಯಿ ತೆರೆದ. ಅರವತ್ತೆಂಟರ ಮುದುಕನಿಗೆ ಇನ್ನೆಲ್ಲಿ ಕೆಲಸ? ತೆರೆದ ಬಾಯಿ ಹಾಗೇ ಮುಚ್ಚಿತು.

ಆ ಶನಿವಾರವೇ ನಾಲ್ಕು ಗಂಟೆಯ ಸಂಡೂರು ಬಸ್ಸಿಗೆ ಶಿಲ್ಪಶ್ರೀ ಹೊರಟುಹೋದಳು.

ಸೋಮವಾರ ಅವಳ ಕುರ್ಚಿಗೆ ಭಾಗ್ಯ ಎಂಬ ಹೊಸ ಹುಡುಗಿ ಬಂದಳು. ಮೂಕಣ್ಣ ಸೀಸೆಯನ್ನು ಬೊಗಸೆಯಲ್ಲಿ ಹಿಡಿದು, ಅಲುಗದಂತೆ ಹೆಜ್ಜೆ ಎಣಿಸುತ್ತ ತಂದಿಟ್ಟ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಮೂರು ದಿನದ ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಾದವು.

"ನೋಡ್ರಿ, ಕೈಗುಣ ಅಂದ್ರ ಇದು!" ಸಾಹೇಬ ಭಾಗ್ಯಳತ್ತ ನೋಡಿ ನಕ್ಕ.

ಮೂಕಣ್ಣ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.