ಮಗ್ಗಕ್ಕೆ ತೂಗಿದ ಬೀಗ

ಆ ಬೀಗಕ್ಕೆ ಒಳ್ಳೆಯ ಹಿತ್ತಾಳೆ ಖರ್ಚಾಗಿತ್ತು, ಒಂದು ತಿಂಗಳ ನಿದ್ದೆ ಖರ್ಚಾಗಿತ್ತು, ಅದನ್ನು ಮಾಡುವ ಗುಂಗಿನಲ್ಲಿ ಅರಮನೆ ಖಜಾನೆಯ ಕೆಲಸವೂ ಕೈತಪ್ಪಿತ್ತು. ಹಗಲಲ್ಲೂ ಅಗಳಿ ಹಾಕಿಕೊಂಡು ಕೂರುವ ಬೀಗ ಮಾಡುವವನು ಅದನ್ನು ಎದುರುಮನೆಯ ನೇಯ್ಗೆಯವಳಿಗೆ ಕೊಟ್ಟ. ಅವಳ ಮನೆಬಾಗಿಲು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಮದುವೆಯ ಮಾತೆತ್ತಲು ಅವನಿಗೆ ಬೇರೆ ದಾರಿ ತೋಚಿರಲಿಲ್ಲ.

ಅವಳು ಬೀಗವನ್ನು ಕೈಯಲ್ಲಿ ತೂಗಿ ನೋಡಿದಳು. ನೂಲು ಬಿಗಿಯಾಗಿರಲೆಂದು ಮಗ್ಗಕ್ಕೆ ಕಟ್ಟಿದ್ದ ಕಲ್ಲನ್ನು ಬಿಚ್ಚಿ, ಅಲ್ಲಿ ಬೀಗ ನೇತುಹಾಕಿದಳು.

"ಅಯ್ಯೋ, ಅದು ಬಾಗಿಲಿಗೆ ಕಣ್ರೀ!"

"ಬಾಗಿಲಿಗೆ ಹಾಕಿದ್ರೆ ನೀವು ಹೇಗ್ರೀ ಒಳಗೆ ಬರ್ತೀರಿ?"

ಅವನು ಸೊಂಟದಿಂದ ಕೀಲಿ ತೆಗೆದ. "ಹಾಗಾದ್ರೆ... ಈ ಕೀಲಿ?"

"ನಿಮ್ಮ ಹತ್ರಾನೇ ಇರ್ಲಿ. ಮದುವೆ ಆದ್ಮೇಲೂ ಭದ್ರವಾಗಿಟ್ಕೊಳ್ಳೋಕೆ ನಿಮಗೆ ಏನಾದ್ರೂ ಒಂದು ಬೇಕಲ್ಲ."

ಆ ರಾತ್ರಿ ಅವನು ಖುಷಿಯಲ್ಲಿ ಅಗಳಿ ಹಾಕುವುದನ್ನೇ ಮರೆತು ಮಲಗಿದ. ಬೆಳಗ್ಗೆ ನೋಡಿದರೆ ಸುತ್ತಿಗೆ ಕಳುವಾಗಿತ್ತು. ಹೋದದ್ದು ಸುತ್ತಿಗೆ, ಸಿಕ್ಕಿದ್ದು ಹೆಂಡತಿ.